ಅಮ್ಮನ ಸರ ಅಡ ಇಟ್ಟು ಬಿಕಾಂ ಮಾಡಬೇಕಾ?

ಪ್ರಶ್ನೆ: ನಮ್ಮದು ಮದ್ದೂರು ಹತ್ತಿರದ ಹಳ್ಳಿ. ಅಪ್ಪನದು ಒಂದೂವರೆ ಎಕರೆ ಕಬ್ಬು. ಪಿಯುಸಿ ಕಾಮರ್ಸ್‌ನಲ್ಲಿ ನನಗೆ ನೂರಕ್ಕೆ 88 ಬಂದಿದೆ. ಮೈಸೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಎಸಿಸಿಎ (ಲೆಕ್ಕಪತ್ರದ ವಿದೇಶಿ ಕೋರ್ಸು) ಸೇರಿಸಿದ ಬಿಕಾಂಗೆ ವರ್ಷಕ್ಕೆ ಒಂದೂವರೆ ಲಕ್ಷ ಕೇಳುತ್ತಿದ್ದಾರೆ. ಅಮ್ಮನ ಸರ ಅಡ ಇಟ್ಟಾದರೂ ಸೇರಿಸ್ತೀನಿ ಅಂತಾರೆ ಅಪ್ಪ. ಮಂಡ್ಯದ ಸರ್ಕಾರಿ ಮಹಿಳಾ ಕಾಲೇಜೇ ಸಾಕು ಅಂತಾರೆ ಮಾವ. ಅಲ್ಲಿ ಓದಿದರೆ ಲೆಕ್ಕ ಬರೆಯೋ ಕೆಲಸದಲ್ಲೇ ಉಳಿದುಬಿಡ್ತೀನಾ?

ಉತ್ತರ: ಇಲ್ಲ ಕಣಮ್ಮ. ಈ ವಿಷಯದಲ್ಲಿ ನಾನು ನಿನ್ನ ಮಾವನ ಕಡೆ.

ಎಸಿಸಿಎ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಆದರೆ ಅದು ಬ್ರಿಟನ್ನಿನ ಸಂಸ್ಥೆಯ ಪರೀಕ್ಷೆ, ಒಟ್ಟು 13 ಪೇಪರು, ಅದರ ಫೀಸು ಪೌಂಡಿನಲ್ಲಿ. ಒಂದೂವರೆ ಲಕ್ಷದಲ್ಲಿ ಆ ಫೀಸೂ ಸೇರಿದೆಯಾ, ಇಲ್ಲಾ ಬೇರೆ ಕಟ್ಟಬೇಕಾ ಅಂತ ಕೇಳಿದ್ಯಾ? ಬರೀ ಬಾಯಿಮಾತಲ್ಲಿ ಅಲ್ಲ, ಬರೆದುಕೊಡಿ ಅನ್ನು. ಇನ್ನೊಂದು, ಎಸಿಸಿಎ ಒಂದೇ ಇಟ್ಟುಕೊಂಡು ನಮ್ಮ ದೇಶದಲ್ಲಿ ಆಡಿಟ್ ರಿಪೋರ್ಟಿಗೆ ಸಹಿ ಹಾಕೋಕಾಗಲ್ಲ, ಅದಕ್ಕೆ ಸಿಎ, ಅಂದರೆ ಚಾರ್ಟರ್ಡ್ ಅಕೌಂಟೆಂಟ್ ಆಗಿರಬೇಕು. ಇದನ್ನ ಬ್ರೋಷರಿನಲ್ಲಿ ಯಾರು ಹಾಕ್ತಾರೆ ಹೇಳು!

ಸಿಎಗೆ ನೀನು ಯಾವ ಕಾಲೇಜು ಅಂತ ಕೇಳೋದೇ ಇಲ್ಲ. ಬಿಕಾಂನಲ್ಲಿ ನೂರಕ್ಕೆ 55 ಬಂದಿದ್ದರೆ ಸಿಎಯ ಮೊದಲ ಪರೀಕ್ಷೆ ಫೌಂಡೇಶನ್ ಬರೆಯದೆ ನೇರವಾಗಿ ಎರಡನೇ ಹಂತದ ಇಂಟರ್‌ಮೀಡಿಯೆಟ್‌ಗೆ ಹೋಗಬಹುದು. ಆಮೇಲಿನ ಆರ್ಟಿಕಲ್‌ಶಿಪ್, ಅಂದರೆ ಸಿಎ ಒಬ್ಬರ ಕೈಕೆಳಗಿನ ತರಬೇತಿ, ಈಗ 2 ವರ್ಷ, ಸ್ಟೈಪೆಂಡೂ ಬರುತ್ತೆ. ಆಗ ಕೋಚಿಂಗು, ಪುಸ್ತಕ, ರೂಮಿನ ಬಾಡಿಗೆ ಅಂತ ನಿಜವಾಗಿಯೂ ದುಡ್ಡು ಬೇಕಾಗುತ್ತೆ. ಸರ ಅಡ ಇಡಲೇಬೇಕಾದ ಕಾಲ ಬಂದರೆ ಅದು ಆಗ, ಈಗಲ್ಲ.

ಮಂಡ್ಯದ ಒಂದು ಆಡಿಟರ್ ಆಫೀಸಿನಲ್ಲಿ ನಾನು ನಾಲ್ಕು ವರ್ಷ ಕೆಲಸ ಮಾಡಿದವಳು. ತಿಂಗಳ 20ನೇ ತಾರೀಖಿನೊಳಗೆ ಜಿಎಸ್‌ಟಿ ರಿಟರ್ನ್ ಹಾಕಬೇಕು, ಗೊಬ್ಬರದ ಅಂಗಡಿಯವರು 18ಕ್ಕೆ ಬಂದು ಒಂದು ಪ್ಲಾಸ್ಟಿಕ್ ಕವರ್ ಬಿಲ್ಲುಗಳನ್ನ ಟೇಬಲ್ ಮೇಲೆ ಸುರಿಯೋರು, ಅರ್ಧ ಮಾಸಿರೋದು, ಅರ್ಧ ಹರಿದಿರೋದು. ಸರ್ಕಾರಿ ಕಾಲೇಜಿನಿಂದ ಬಂದಿದ್ದ ಒಬ್ಬ ಹುಡುಗಿ ಒಂದು ದಿನ ಒಂದೇ ಬಿಲ್ಲು ಎರಡು ಸಲ ಎಂಟ್ರಿ ಆಗಿದ್ದನ್ನ ಹಿಡಿದಳು. ಹಾಗೇ ಬಿಟ್ಟಿದ್ದರೆ ಅಂಗಡಿಯವರಿಗೆ ಬಡ್ಡಿ, ನೋಟಿಸು ಎಲ್ಲ ಬರೋದು. ಅವತ್ತಿನಿಂದ ಸಾಹೇಬರು ದೊಡ್ಡ ಫೈಲೆಲ್ಲ ಅವಳ ಟೇಬಲ್ಲಿಗೇ ಕಳಿಸೋರು.

ಹಾಗಂತ ಸರ್ಕಾರಿ ಕಾಲೇಜು ಸ್ವರ್ಗ ಅಂದುಕೊಳ್ಳಬೇಡ. ಲೆಕ್ಚರರ್ ಇಲ್ಲದೆ ಪಿರಿಯಡ್ ಖಾಲಿ ಹೋಗೋದೂ ಉಂಟು. ಆ ಹೊತ್ತಲ್ಲಿ ಲೆಕ್ಕ ಬರೆಯೋ ಸಾಫ್ಟ್‌ವೇರ್ ಟ್ಯಾಲಿ, ಜೊತೆಗೆ ಎಕ್ಸೆಲ್ ಕಲಿ. ಎರಡನೇ ವರ್ಷದಿಂದ ರಜೆಯಲ್ಲಿ ಯಾವುದಾದರೂ ಆಡಿಟರ್ ಹತ್ತಿರ ಹೋಗಿ ಕೂರು, ಮೊದಲು ಸಂಬಳ ಕೊಡದಿದ್ದರೂ ಪರವಾಗಿಲ್ಲ.

ಖರ್ಚಿನ ಮಾತು ಇಷ್ಟೇ. ಮದ್ದೂರಿಂದ ಮಂಡ್ಯಕ್ಕೆ ಶಕ್ತಿ ಯೋಜನೆಯ ಬಸ್ಸು ನಿನಗೆ ಫ್ರೀ. ಸ್ಕಾಲರ್‌ಶಿಪ್‌ಗೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕು, ಜಾತಿ-ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿಟ್ಟುಕೋ. ರೈತರ ಮಕ್ಕಳಿಗೆ ಅಂತ 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ಡಿಗ್ರಿ ಓದುವ ಹುಡುಗಿಗೆ ವರ್ಷಕ್ಕೆ 5,500 ರೂಪಾಯಿ. ಅದಕ್ಕೆ ಅಪ್ಪನ ಹೆಸರಲ್ಲಿ ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ಇರಬೇಕು. ಇದೆಯಾ ಅಂತ ಇವತ್ತು ರಾತ್ರಿಯೇ ಕೇಳು, ಇಲ್ಲದಿದ್ದರೆ ನಾಳೆ ಪಹಣಿ, ಆಧಾರ್ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಅವರ ಜೊತೆ ನೀನೂ ಹೋಗು.