ಕಲ್ಲು ಬಿಡಿ, ಕಂದಕ ಹಿಡಿಯಿರಿ

ನಮಸ್ಕಾರ.

ಇಂಗ್ಲೆಂಡಿನ ವಿಲ್ಟ್‌ಶೈರ್ ಕೌಂಟಿಯ ಪ್ರಾಚೀನ ಚರಿತ್ರೆ ಕುರಿತ ನಿಮ್ಮ 3,200 ಪದಗಳ ಲೇಖನ ಓದಿದೆವು. ಈಗಿರುವ ಹಾಗೆ ಅಚ್ಚಿಗೆ ಹಾಕಲಾರೆವು. ಸುಮ್ಮನೆ ವಾಪಸು ಕಳಿಸಿಬಿಡಬಹುದಿತ್ತು, ಆದರೆ ಆರನೇ ಪುಟದಲ್ಲಿ ಒಂದು ಸಾಲಿದೆ: “ಕಂದಕವನ್ನು ಜಿಂಕೆಯ ಕೊಂಬುಗಳಿಂದ ತೋಡಿದರು.” ಈ ಉತ್ತರ ಬರೆಯುತ್ತಿರುವುದೇ ಆ ಸಾಲಿಗಾಗಿ. ಅದಕ್ಕೆ ಆಮೇಲೆ ಬರೋಣ.

ಮೊದಲು ಡ್ರೂಯಿಡರನ್ನು, ಅಂದರೆ ಪ್ರಾಚೀನ ಕೆಲ್ಟಿಕ್ ಪುರೋಹಿತರನ್ನು, ವಿಲ್ಟ್‌ಶೈರಿನ ಕಲ್ಲುವೃತ್ತವಾದ ಸ್ಟೋನ್‌ಹೆಂಜಿನಿಂದ ಹೊರಗೆ ಕಳಿಸಿ. ಅಲ್ಲಿನ ದೊಡ್ಡ ಕಲ್ಲುಗಳು ಎದ್ದದ್ದು ಕ್ರಿ.ಪೂ. 2500ರ ಸುಮಾರಿಗೆ. ಡ್ರೂಯಿಡರ ಬಗ್ಗೆ ರೋಮಿನ ಸೀಸರ್ ಬರೆದದ್ದು ಕ್ರಿ.ಪೂ. ಒಂದನೇ ಶತಮಾನದಲ್ಲಿ. ನಡುವೆ ಎರಡು ಸಾವಿರದ ನಾನೂರು ವರ್ಷ, ಹೆಚ್ಚುಕಡಿಮೆ ಬುದ್ಧನಿಗೂ ನಮಗೂ ಇರುವಷ್ಟು ದೂರ. ಡ್ರೂಯಿಡರಿಗೂ ಸ್ಟೋನ್‌ಹೆಂಜಿಗೂ ಗಂಟು ಹಾಕಿದವರು 17ನೇ ಶತಮಾನದ ಜಾನ್ ಆಬ್ರಿ, 18ನೇ ಶತಮಾನದ ವಿಲಿಯಂ ಸ್ಟ್ಯೂಕ್ಲಿ. ಹಾಗೆಂದು ಅವರನ್ನು ಹಗುರವಾಗಿ ಕಾಣಬೇಡಿ. ಅದೇ ಕೌಂಟಿಯ ಇನ್ನೊಂದು ಕಲ್ಲುವೃತ್ತ ಏವ್‌ಬರಿಯ ಕಲ್ಲುಗಳನ್ನು ಊರವರು ಹೇಗೆ ಒಡೆದರು (ಗುಂಡಿಯಲ್ಲಿ ಕೆಡವಿ, ಸುತ್ತ ಬೆಂಕಿ ಹಾಕಿ, ಕಾದ ಕಲ್ಲಿನ ಮೇಲೆ ತಣ್ಣೀರು ಸುರಿದು, ಸುತ್ತಿಗೆಯಿಂದ ಬಡಿದು) ಎಂಬುದರ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಸ್ಟ್ಯೂಕ್ಲಿಯ ಟಿಪ್ಪಣಿಗಳಿಂದಲೇ.

ನಾಲ್ಕನೇ ಪುಟದ ಕಾಲಗಣನೆ ತಪ್ಪು. ‘4100 ಬಿಪಿ’ (ಬಿಫೋರ್ ಪ್ರೆಸೆಂಟ್, ‘ಇಂದಿಗಿಂತ ಹಿಂದೆ’) ಎಂಬುದರಿಂದ 1950 ಕಳೆದು ಕ್ರಿ.ಪೂ. 2150 ಎಂದಿದ್ದೀರಿ. ಬಿಪಿ ವರ್ಷಗಳನ್ನು 1950ರಿಂದ ಹಿಂದಕ್ಕೆ ಎಣಿಸುತ್ತಾರೆ ಎನ್ನುವುದು ಸರಿಯೇ, ಆದರೆ ಅದು ವಸ್ತುವಿನಲ್ಲಿ ಉಳಿದಿರುವ ರೇಡಿಯೋಕಾರ್ಬನ್ (ಕಾಲ ಕಳೆದಂತೆ ಕಡಿಮೆಯಾಗುವ ಒಂದು ಬಗೆಯ ಇಂಗಾಲ) ಅಳೆದು ಪಡೆದ ಪ್ರಯೋಗಾಲಯದ ಕಚ್ಚಾ ಅಂಕಿ. ಗಾಳಿಯಲ್ಲಿನ ರೇಡಿಯೋಕಾರ್ಬನ್ ಪ್ರಮಾಣ ಎಲ್ಲ ಕಾಲಕ್ಕೂ ಒಂದೇ ಇರಲಿಲ್ಲ. ಹಾಗಾಗಿ ಮರದ ವಾರ್ಷಿಕ ಉಂಗುರಗಳ ಲೆಕ್ಕಕ್ಕೆ ಹಚ್ಚಿ ತಿದ್ದಬೇಕು. ತಿದ್ದಿದಾಗ ಅದೇ 4100, ಕ್ರಿ.ಪೂ. 2850ರಿಂದ 2500ರ ನಡುವೆ ಎಲ್ಲೋ ಬೀಳುತ್ತದೆ. ಇದು ಚಿಲ್ಲರೆ ವ್ಯತ್ಯಾಸವಲ್ಲ. 1953ರಲ್ಲಿ ಪುರಾತತ್ವಜ್ಞ ರಿಚರ್ಡ್ ಅಟ್ಕಿನ್ಸನ್ ಸ್ಟೋನ್‌ಹೆಂಜಿನ ಒಂದು ಕಲ್ಲಿನ ಮೇಲೆ ಕಠಾರಿಯ ಕೆತ್ತನೆ ಗುರುತಿಸಿದರು. ಅದು ಗ್ರೀಸಿನ ಪ್ರಾಚೀನ ನಗರ ಮೈಸೀನಿಯ ಕಠಾರಿಯಂತೆ ಕಂಡಿತು. ಅಲ್ಲಿಂದ ಬಂದ ಶಿಲ್ಪಿಯೇ ಸ್ಟೋನ್‌ಹೆಂಜ್ ಕಟ್ಟಿಸಿರಬೇಕು ಎಂಬ ಊಹೆ ಬೆಳೆಯಿತು. ತಿದ್ದಿದ ಕಾಲಮಾನ ಬಂದಾಗ, ಕಲ್ಲುಗಳು ಮೈಸೀನಿಯ ರಾಜಸಮಾಧಿಗಳಿಗಿಂತ ಸುಮಾರು ಒಂಬೈನೂರು ವರ್ಷ ಹಳೆಯವು ಎಂದಾಯಿತು. ಕಠಾರಿಯನ್ನು ಯಾರೋ ಶತಮಾನಗಳ ನಂತರ ಕೆತ್ತಿದ್ದರು, ಅಷ್ಟೆ. ನಿಮ್ಮ ಲೇಖನದಲ್ಲಿ ಮೈಸೀನಿಯ ಶಿಲ್ಪಿ ಇನ್ನೂ ಓಡಾಡಿಕೊಂಡಿದ್ದಾನೆ.

‘ಕಲ್ಲುಗಳೆಲ್ಲ ವೇಲ್ಸ್‌ನಿಂದ ಬಂದವು’ ಎಂದಿರುವುದನ್ನು ಮೂರಾಗಿ ಒಡೆಯಿರಿ. ಎರಡರಿಂದ ಐದು ಟನ್ ತೂಗುವ ನೀಲಿಗಲ್ಲುಗಳು ವೇಲ್ಸ್‌ನ ಪ್ರೆಸೆಲಿ ಬೆಟ್ಟಗಳವು. ಇಪ್ಪತ್ತು ಟನ್ ಮೀರುವ ಸಾರ್ಸೆನ್ ಕಲ್ಲುಗಳು ಬಹುಪಾಲು ಅದೇ ಕೌಂಟಿಯ ವೆಸ್ಟ್ ವುಡ್ಸ್ ಕಾಡಿನವು, ದೂರ ಸುಮಾರು 25 ಕಿ.ಮೀ.; 2020ರಲ್ಲಿ ಕಲ್ಲಿನ ರಾಸಾಯನಿಕ ಹೋಲಿಕೆಯಿಂದ ಇದು ಗೊತ್ತಾಯಿತು. ನಡುವೆ ಬಿದ್ದಿರುವ, ‘ಆಲ್ಟರ್ ಸ್ಟೋನ್’ ಎನ್ನುವ ಆರು ಟನ್ನಿನ ಕಲ್ಲು ಸ್ಕಾಟ್ಲೆಂಡಿನ ಈಶಾನ್ಯ ಭಾಗದ್ದೆಂದು 2024ರ ಅಧ್ಯಯನ ತೋರಿಸಿತು.

ಏವ್‌ಬರಿ ಬಳಿ ಜನರೇ ಪೇರಿಸಿದ ಸಿಲ್ಬರಿ ಗುಡ್ಡವನ್ನು ‘ರಾಜನ ಗೋರಿ’ ಎಂದಿದ್ದೀರಿ. 1776ರಲ್ಲಿ ನೆತ್ತಿಯಿಂದ ಬಾವಿಯಂತೆ ಕೊರೆದರು, 1849ರಲ್ಲಿ ಪಕ್ಕದಿಂದ ಸುರಂಗ ತೋಡಿದರು, 1968ರಿಂದ 70ರವರೆಗೆ ಮತ್ತೆ ಸುರಂಗ. ಹೆಣ ಸಿಗಲಿಲ್ಲ, ಹೊನ್ನೂ ಸಿಗಲಿಲ್ಲ. ಹಳೆಯ ಕೊರೆತ ಒಳಗೇ ಕುಸಿದು 2000ದಲ್ಲಿ ನೆತ್ತಿಯಲ್ಲಿ ಬಾಯ್ದೆರೆಯಿತು. ಒಳಗೆಲ್ಲ ಮತ್ತೆ ಸೀಮೆಸುಣ್ಣದ ಪುಡಿಗಲ್ಲು ತುಂಬಿಸಿ ಗಟ್ಟಿ ಮಾಡಬೇಕಾಯಿತು.

ಈಗ ಆ ಕೊಂಬಿನ ಸಾಲು.

ಸ್ಟೋನ್‌ಹೆಂಜ್ ಶುರುವಾದದ್ದು ಕಲ್ಲಿನಿಂದಲ್ಲ, ಕ್ರಿ.ಪೂ. 3000ದ ಆಸುಪಾಸಿನಲ್ಲಿ ತೋಡಿದ ಸುಮಾರು 110 ಮೀಟರ್ ಅಡ್ಡಗಲದ ದುಂಡು ಕಂದಕದಿಂದ. ಆ ನೆಲ ಮೆದುವಾದ ಸೀಮೆಸುಣ್ಣದ್ದು. ಅದನ್ನು ಅಗೆದ ಪಿಕಾಸಿ ಕೆಂಪು ಜಿಂಕೆಯ ಕೊಂಬು: ಬುಡದ ಕವಲೊಂದನ್ನು ಉಳಿಸಿ ಮಿಕ್ಕವನ್ನು ಮುರಿದರೆ, ಕವಲೇ ಮೊನೆ, ಕಾಂಡವೇ ಹಿಡಿ. ಬಹಳಷ್ಟು ಕೊಂಬು ಬೇಟೆಯದ್ದಲ್ಲ, ಜಿಂಕೆ ವಸಂತದಲ್ಲಿ ತಾನೇ ಉದುರಿಸಿದ್ದು. ಇಲ್ಲೇ ಸ್ವಾರಸ್ಯ ಇರುವುದು. ಕೊಂಬು ಬೆಳೆಯುವುದು ಒಂದೇ ಋತುವಿನಲ್ಲಿ. ಅದರ ಕಾಲಮಾನವೆಂದರೆ ಆ ವರ್ಷದ ಕಾಲಮಾನ. ಓಕ್ ಮರದ ಇದ್ದಿಲಾದರೆ ಮರದ ತಿರುಳು ಇನ್ನೂರು ವರ್ಷ ಹಳೆಯದಿರಬಹುದು, ಲೆಕ್ಕ ಕೆಡುತ್ತದೆ. ಕಂದಕದ ತಳದಲ್ಲಿ ಬಿಟ್ಟುಹೋದ ಕೊಂಬು ಅಗೆತದ ಕಾಲವನ್ನೇ ಹೇಳುತ್ತದೆ. ಅದೇ ತಳದಲ್ಲಿ ದನದ ದವಡೆ ಮೂಳೆಗಳೂ ಸಿಕ್ಕಿವೆ, ಮತ್ತು ಅವು ಕಂದಕಕ್ಕಿಂತ ಹಳೆಯವು. ತಲೆಮಾರುಗಳ ಕಾಲ ಜೋಪಾನ ಮಾಡಿಟ್ಟು ತಂದು ಇಟ್ಟದ್ದು. ದವಡೆಯೊಂದನ್ನೇ ನೆಚ್ಚಿಕೊಂಡಿದ್ದರೆ ಕಂದಕದ ವಯಸ್ಸು ತಪ್ಪುತ್ತಿತ್ತು.

ಕಂದಕ ತುಂಬಿಕೊಂಡ ಬಗೆಯನ್ನೂ ಬರೆಯಿರಿ. ಅದೇ ಕೌಂಟಿಯ ಓವರ್ಟನ್ ಡೌನ್‌ನಲ್ಲಿ 1960ರಲ್ಲಿ ಸಂಶೋಧಕರು ಬೇಕೆಂದೇ ಒಂದು ಕಂದಕ ತೋಡಿ, ಪಕ್ಕದಲ್ಲಿ ಏರಿ ಹಾಕಿ, 2, 4, 8, 16, 32 ವರ್ಷಕ್ಕೆ ಅಡ್ಡ ಸೀಳಿ ನೋಡಿದರು. ಚಳಿಗಾಲದ ಹಿಮಕ್ಕೆ ಗೋಡೆಯ ಸುಣ್ಣಕಲ್ಲು ಸಿಡಿದು, ಮೊದಲ ಕೆಲವೇ ವರ್ಷಗಳಲ್ಲಿ ತಳ ತುಂಬಿತು; ಆಮೇಲೆ ನಿಧಾನ. ಆದ್ದರಿಂದ ತಳದ ಪುಡಿಗಲ್ಲಿನಲ್ಲಿ ಸಿಕ್ಕಿದ್ದು (ಆ ದವಡೆಗಳಂತೆ ಹಳೆಯದನ್ನು ತಂದಿಟ್ಟಿರದಿದ್ದರೆ) ಅಗೆದವರ ಕಾಲದ್ದು, ಮೇಲಿನ ಮಣ್ಣಿನಲ್ಲಿ ಸಿಕ್ಕಿದ್ದು ಯಾರದೂ ಆಗಿರಬಹುದು. ಸ್ಟೋನ್‌ಹೆಂಜಿನ ಮೇಲ್ಪದರದಲ್ಲಿ ರೋಮನ್ ಮಡಕೆಯ ಚೂರುಗಳೂ ಇದ್ದವು. ನೀವು ಎಲ್ಲ ಪದರವನ್ನೂ ಒಂದೇ ಬುಟ್ಟಿಗೆ ಸುರಿದಿದ್ದೀರಿ.

ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಜೊತೆಗಿನ ಹೋಲಿಕೆ ಕೈಬಿಡಿ. ಅಲ್ಲಿನ ಶಿಲಾಸಮಾಧಿಗಳು ಕಬ್ಬಿಣಯುಗದವು, ಕ್ರಿ.ಪೂ. ಮೊದಲ ಸಹಸ್ರಮಾನದವು. ಕನ್ನಡನಾಡಿನಲ್ಲಿ ಸ್ಟೋನ್‌ಹೆಂಜಿನ ಸಮಕಾಲೀನರು ಬೇಕಿದ್ದರೆ ಬಳ್ಳಾರಿ, ಸುರಪುರ ಕಡೆಯ ನವಶಿಲಾಯುಗದ ಬೂದಿದಿಬ್ಬಗಳಿವೆ. ದನದ ಸಗಣಿ ಸುಟ್ಟು ಬೆಳೆದ ದಿಬ್ಬಗಳು. ಅಲ್ಲಿಯೂ ದನ, ಇಲ್ಲಿಯೂ ದನ: ಹೋಲಿಸುವುದಾದರೆ ಇದನ್ನು ಹೋಲಿಸಿ. ಸುರಪುರ ಸೀಮೆಯ ಶಿಲಾಸಮಾಧಿಗಳನ್ನು 1850ರ ದಶಕದಲ್ಲಿ ಅಗೆಸಿ, ಬ್ರಿಟನ್ನಿನವಕ್ಕೆ ಹೋಲಿಸಿದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್‌ಗೆ ಕಾಲಮಾನ ತಿಳಿಯುವ ದಾರಿ ಇರಲಿಲ್ಲ. ನಿಮಗಿದೆ.

ಕೊನೆಯ ಎರಡು ಪುಟ, ಅಂದರೆ ರೋಮನ್ನರು, 878ರ ಎಡಿಂಗ್ಟನ್ ಕಾಳಗದಲ್ಲಿ ಗೆದ್ದ ರಾಜ ಆಲ್ಫ್ರೆಡ್, 1220ರಲ್ಲಿ ಓಲ್ಡ್ ಸೇರಮ್ ಗುಡ್ಡದಿಂದ ಕೆಳಗಿಳಿದ ಕೆಥೆಡ್ರಲ್, ತಪ್ಪಿಲ್ಲದಿದ್ದರೂ ಇಲ್ಲಿಗೆ ಬೇಡ. ಹೆಸರುಗಳನ್ನು ಅಲ್ಲಿನವರು ಕರೆಯುವಂತೆ ಬರೆಯಿರಿ: ‘ಸಾಲಿಸ್‌ಬರಿ’ ಅಲ್ಲ, ಸಾಲ್ಸ್‌ಬರಿ. ‘ಹೆಂಜ್’ (ಕಂದಕ, ಏರಿಗಳ ದುಂಡು ರಚನೆ) ಪದ ವಿವರಿಸುವಾಗ ಎಚ್ಚರ: ಆ ಜಾತಿಯ ರಚನೆಗಳಲ್ಲಿ ಕಂದಕ ಏರಿಯ ಒಳಬದಿಗಿರುತ್ತದೆ, ಏವ್‌ಬರಿಯಲ್ಲಿರುವಂತೆ. ಹೆಸರು ಕೊಟ್ಟ ಸ್ಟೋನ್‌ಹೆಂಜಿನಲ್ಲೇ ಕಂದಕ ಹೊರಬದಿಗಿದೆ!

ಹೊಸ ಕರಡು 1,500 ಪದ ದಾಟದಿರಲಿ. ಪ್ರತಿ ಇಸವಿಯ ಎದುರು, ಯಾವ ವಸ್ತುವಿನಿಂದ ಆ ಇಸವಿ ಬಂತು ಎಂದು ಅಂಚಿನಲ್ಲಿ ನಮಗಾಗಿ ಬರೆದು ಕಳಿಸಿ, ಅಚ್ಚಾಗುವಾಗ ತೆಗೆಯುತ್ತೇವೆ. ಜೂನ್ ತಿಂಗಳ ಸೂರ್ಯೋದಯದ ಚಿತ್ರ ಬೇಡ. ಹತ್ತಿರದ ಪ್ರಾಚೀನ ವಸತಿ ಡರಿಂಗ್ಟನ್ ವಾಲ್ಸ್‌ನಲ್ಲಿ ಸಿಕ್ಕ ಹಂದಿಗಳ ಹಲ್ಲು ನೋಡಿದರೆ, ವಸಂತದಲ್ಲಿ ಹುಟ್ಟಿದ ಬಹಳಷ್ಟನ್ನು ಒಂಬತ್ತು ತಿಂಗಳ ಪ್ರಾಯದಲ್ಲಿ, ಅಂದರೆ ನಡುಚಳಿಗಾಲದಲ್ಲಿ ಕಡಿದಂತಿದೆ. ಚಿತ್ರ ಹಾಕಲೇಬೇಕೆಂದರೆ ಡಿಸೆಂಬರಿನ ಸೂರ್ಯಾಸ್ತದ್ದು ಕಳಿಸಿ, ಜೊತೆಗೆ ಕಂದಕದ ಅಡ್ಡಸೀಳಿನ ಒಂದು ರೇಖಾಚಿತ್ರ. ಪೆನ್ಸಿಲಿನಲ್ಲಿ ಗೀಚಿದ್ದರೂ ಸಾಕು, ನಾವು ತಿದ್ದಿಕೊಳ್ಳುತ್ತೇವೆ.

— ಸಂಪಾದಕ ಬಳಗ