ಮದುವಿ ಅಡಿಗಿ ಯಾರಿಗೆ ಕೊಡೋದು? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ವೈಶಾಖದಾಗ ಮಗಳ ಮದುವಿ ಅದ. ಫಂಕ್ಷನ್ ಹಾಲ್ ಬುಕ್ ಆಗ್ಯಾದ, 800 ಮಂದಿ ಲೆಕ್ಕ. ಮೂರು ಜನ ಕೇಟರಿಂಗ್‌ದವರು ರೇಟ್ ಕೊಟ್ಟಾರ. ಒಬ್ಬರದು ಪ್ಲೇಟಿಗೆ 60 ರೂಪಾಯಿ ಕಡಿಮಿ. ಮೂವರ ಕೈ ರುಚಿನೂ ನೋಡಿದ್ವಿ, ಚಲೋನೇ ಅದ. ಯಾರಿಗೆ ಕೊಡಬೇಕು?
– ಓದುಗರು, ಕಲಬುರಗಿ

ಉತ್ತರ: ಅಣ್ಣಾರೇ, ರುಚಿಯಲ್ಲಿ ಮೂವರೂ ಸರಿಸಮ ಎಂದ ಮೇಲೆ ಮುಖ್ಯವಾಗಿ ನೋಡಬೇಕಾದ್ದು ಅಕ್ಷತೆ ಬಿದ್ದ ಮೇಲಿನ ಮೊದಲ ಒಂದು ತಾಸನ್ನು. ನಮ್ಮ ಕಡೆ ಮುಹೂರ್ತ ಹೆಚ್ಚಾಗಿ ಮಧ್ಯಾಹ್ನದ ಹೊತ್ತಿಗೇ ಇರುತ್ತದೆ. ಅಕ್ಕಿಕಾಳು ಬಿದ್ದ ಕೂಡಲೇ ಅರ್ಧಕ್ಕಿಂತ ಹೆಚ್ಚು ಮಂದಿ ಊಟದ ಕಡೆ ಹೊರಡುತ್ತಾರೆ. ಅಡಿಗಿ ಎಷ್ಟೇ ರುಚಿಯಾಗಿದ್ದರೂ ಕೆಡುವುದು ಅಲ್ಲಿ. ಆ ಗದ್ದಲವನ್ನು ಹೇಗೆ ನಿಭಾಯಿಸುತ್ತೀರಿ ಎಂದು ಮೂವರನ್ನೂ ಕೇಳಿ. ಲೆಕ್ಕ ಕೊಟ್ಟು ಉತ್ತರ ಹೇಳಿದವರಿಗೆ ಕೆಲಸ ಒಪ್ಪಿಸಿ.

ಲೆಕ್ಕ ಹೀಗೆ. ಪಂಕ್ತಿ ಊಟವಾದರೆ, 200 ಮಂದಿ ಉಂಡು ಎದ್ದು, ಎಲೆ ತೆಗೆದು, ಮೇಜು ಒರೆಸಿ, ಮುಂದಿನವರು ಕೂಡಲು 35ರಿಂದ 40 ನಿಮಿಷ ಬೇಕು. 800 ಮಂದಿಗೆ ನಾಲ್ಕು ಪಂಕ್ತಿ, ಅಂದರೆ ಹತ್ತಿರ ಹತ್ತಿರ ಎರಡೂವರೆ ತಾಸು. 200 ಎಲೆಗೆ ಬಡಿಸುವವರೇ 14–16 ಜನ ಇರಬೇಕು, ನೀರು ಕೊಡುವವರು ಬೇರೆ. ‘ನಮ್ಮ ಕಡೆ 20 ಜನ ಇದ್ದಾರೆ’ ಎಂದರೆ ಅದರಲ್ಲಿ ಅಡಿಗಿಯವರೆಷ್ಟು, ಭಾಂಡೆ ತೊಳೆಯುವವರೆಷ್ಟು, ಬಡಿಸುವವರೆಷ್ಟು ಎಂದು ಬಿಡಿಸಿ ಕೇಳಿ. ಬುಫೆಯಾದರೆ ಒಂದು ಸಾಲಿನಲ್ಲಿ ಒಬ್ಬೊಬ್ಬರು 12 ಸೆಕೆಂಡಿಗೆ ಮುಂದೆ ಸರಿದರೂ ತಾಸಿಗೆ 300 ಮಂದಿಯೇ. ಆದ್ದರಿಂದ ಕಡಿಮೆಯೆಂದರೂ ಮೂರು ಸಾಲು ಬೇಕು, ನಾಲ್ಕಿದ್ದರೆ ನಿರಾಳ. ಸಾಲು ಕಟ್ಟಿಕೊಳ್ಳುವುದು ಬಹುತೇಕ ಪೂರಿ, ಮಿರ್ಚಿ ಭಜಿ ಹತ್ತಿರ. ಕರಿದದ್ದು ಬಾಣಲೆಯಿಂದ ಬರುವತನಕ ಹಿಂದಿನವರೆಲ್ಲ ನಿಲ್ಲಬೇಕಾಗುತ್ತದೆ. ಅವೆರಡನ್ನೂ ಸಾಲಿನಿಂದ ತೆಗೆದು ಬೇರೆ ಕಡೆ ಇಡಿಸಿ.

ಇನ್ನು ರೊಟ್ಟಿ. ‘ಬಿಸಿ ಬಿಸಿ ಜೋಳದ ರೊಟ್ಟಿ, ಕಣ್ಣೆದುರಿಗೇ’ ಎನ್ನುವ ಮಾತಿಗೆ ಮರುಳಾಗಬೇಡಿ. ಕೈ ಪಳಗಿದ ಹೆಣ್ಣುಮಗಳು ಒಂದು ಹಂಚಿನ ಮೇಲೆ ತಾಸಿಗೆ 40–50 ರೊಟ್ಟಿ ಮಾಡಿಯಾಳು. ತಲೆಗೆ ಒಂದೂವರೆ ಎಂದರೂ ನಿಮಗೆ 1,200 ರೊಟ್ಟಿ ಬೇಕು. ಮೊದಲೇ ಮಾಡಿ ಒಟ್ಟಿದ ಮೆತ್ತನ ರೊಟ್ಟಿ ತನ್ನ ಹಬೆಯಲ್ಲೇ ಬೆವತು, ಆರಿದ ಮೇಲೆ ಚರ್ಮದಂತೆ ನಾರಾಗುತ್ತದೆ. ಖಡಕ್ ರೊಟ್ಟಿಯನ್ನು ರೊಟ್ಟಿ ಮಾಡುವವರಿಂದ ಎರಡು ದಿನ ಮುಂಚೆ ತರಿಸುವುದೇ ಜಾಣತನ. ಬಿಸಿ ರೊಟ್ಟಿ ಬೇಕೆನ್ನುವ ಹಿರಿಯರಿಗೆ ಎರಡು ಹಂಚು ಸಾಕು. 1 ಕೆ.ಜಿ. ಹಿಟ್ಟಿಗೆ 12–14 ರೊಟ್ಟಿ ಆಗುತ್ತವೆ. ಒಟ್ಟು 90ರಿಂದ 100 ಕೆ.ಜಿ. ಹಿಟ್ಟು. ರೊಟ್ಟಿಯನ್ನು ತೊಳೆದ ಬಟ್ಟೆ ಹಾಸಿದ ಬುಟ್ಟಿಯಲ್ಲಿ ಇಡಿಸಿ. ಪೇಪರ್ ಬೇಡ, ಅದರ ಮಸಿ ರೊಟ್ಟಿಗೆ ಅಂಟುತ್ತದೆ.

60 ರೂಪಾಯಿ ಎಲ್ಲಿ ಉಳಿಯಿತು ಎಂಬುದನ್ನೂ ಹುಡುಕಬೇಕು. ಮೂವರಿಗೂ ಒಂದೇ ಮೆನು ಕೊಟ್ಟು, ಬರವಣಿಗೆಯಲ್ಲಿ ಉತ್ತರ ಕೇಳಿ: ನೀರಿನ ಬಾಟಲಿ, ಎಲೆ, ಭಾಂಡೆ ಬಾಡಿಗೆ, ಗಾಡಿ ಖರ್ಚು, ಜಿಎಸ್‌ಟಿ, ಹಿಂದಿನ ರಾತ್ರಿಯ ಊಟ ಸೇರಿವೆಯೇ? ಸಿಹಿ ಒಂದೇ ಸಲವೋ, ಕೇಳಿದಷ್ಟೋ? ಗ್ಯಾಸ್ ಸಿಲಿಂಡರ್ 19 ಕೆ.ಜಿ. ಕಮರ್ಷಿಯಲ್‌ದೇ ಇರಬೇಕು, ಮನೆ ಸಿಲಿಂಡರ್ ತಂದು ಅಡಿಗಿ ಮಾಡುವುದು ಕಾನೂನಿಗೂ ವಿರುದ್ಧ, ಹಾಲಿನವರೂ ತಕರಾರು ತೆಗೆಯುತ್ತಾರೆ. ರಸೀದಿಯ ಮೇಲೆ 14 ಅಂಕಿಯ ಆಹಾರ ಸುರಕ್ಷತಾ ನಂಬರ್ ಇದೆಯೇ ನೋಡಿ. ಸಸ್ಯಾಹಾರದ ಮನೆತನವಾದರೆ ಭಾಂಡೆ ಎಲ್ಲಿಂದ ಬರುತ್ತವೆ, ಹಿಂದೆ ಯಾವುದಕ್ಕೆ ಬಳಸಿದ್ದು ಎಂದು ಈಗಲೇ ಕೇಳಿಬಿಡಿ. ಬೀಗರ ಮುಂದೆ ಆ ಮಾತು ಏಳಬಾರದು.

ಗ್ಯಾರಂಟಿ ಪ್ಲೇಟಿನ ಸಂಖ್ಯೆಯನ್ನು 800 ಎಂದು ಬರೆದುಕೊಡಬೇಡಿ. 700ಕ್ಕೆ ಒಪ್ಪಿ, ಮೇಲೆ 100ಕ್ಕೆ ಸಾಮಾನು ತಯಾರಿರಲಿ, ಹೆಚ್ಚಾದ ಪ್ಲೇಟಿಗೆ ಇಷ್ಟೇ ರೇಟ್ ಎಂದು ಬರೆಸಿ. ಮಂದಿ ಕಡಿಮೆ ಬಂದರೂ ಗ್ಯಾರಂಟಿಯ ದುಡ್ಡು ಕೊಡಲೇಬೇಕು. ಬುಫೆಯಲ್ಲಿ ಒಬ್ಬರೇ ಎರಡು ತಟ್ಟೆ ತೆಗೆದುಕೊಂಡರೆ ಎರಡು ಊಟದ ಲೆಕ್ಕ. ತಟ್ಟೆಗಳನ್ನು ಮೊದಲೇ ಎಣಿಸಿಡಿ. ಕೊನೆಗೆ ಉಳಿದವುಗಳನ್ನು ನಿಮ್ಮ ಕಡೆಯ ಒಬ್ಬರು, ಅವರ ಕಡೆಯ ಒಬ್ಬರು ಕೂಡಿ ಎಣಿಸಿ ಸಹಿ ಹಾಕಲಿ.

ಪ್ರಶ್ನೆ: ನಾವು ಕೂಲಿ ಮೇಲೆ ಅಡಿಗಿ ಮಾಡಿಸ್ತೀವಿ, ಕಿರಾಣಿ ನಮ್ಮದು. ಭಟ್ಟರು ಕೊಟ್ಟ ಯಾದಿ ಬಹಳ ಉದ್ದ ಅನಸ್ತದ. ಖರೇನ ಅಷ್ಟು ಬೇಕಾ?
– ಓದುಗ ಸಹೋದರಿ, ಹುಮನಾಬಾದ್

ಉತ್ತರ: ಅಕ್ಕಾ, 100 ಮಂದಿಯ ಲೆಕ್ಕ ಇಟ್ಟುಕೊಂಡು ಯಾದಿ ತಾಳೆ ನೋಡಿ. ರೊಟ್ಟಿ, ಪೂರಿ ಇದ್ದ ಊಟಕ್ಕೆ ಅಕ್ಕಿ 9–10 ಕೆ.ಜಿ., ಸಾರಿಗೆ ತೊಗರಿ ಬೇಳೆ 4 ಕೆ.ಜಿ., ಎಣ್ಣೆಗಾಯಿಗೆ ಬದನೆಕಾಯಿ 10 ಕೆ.ಜಿ., ಶೇಂಗಾ ಚಟ್ನಿಗೆ 1 ಕೆ.ಜಿ. ಶೇಂಗಾ. ಬುಂದಿ ಲಾಡುವಿಗೆ 2 ಕೆ.ಜಿ. ಕಡಲೆ ಹಿಟ್ಟು, 4 ಕೆ.ಜಿ. ಸಕ್ಕರೆ ಹಾಕಿದರೆ ತಲೆಗೊಂದು ಲಾಡು ಆಗಿ ಮಿಕ್ಕುವುದು ಸ್ವಲ್ಪ. ಇದಕ್ಕಿಂತ ಹತ್ತನೇ ಒಂದು ಪಾಲು ಹೆಚ್ಚಿದ್ದರೆ ತಪ್ಪಲ್ಲ. ಒಂದೂವರೆ ಪಟ್ಟು ಇದ್ದರೆ ಕುಳಿತು ಮಾತಾಡಿ. ಹಳೆ ಅಕ್ಕಿ ಹೆಚ್ಚು ಉಬ್ಬುತ್ತದೆ, ಹೊಸದು ಮುದ್ದೆಯಾಗುತ್ತದೆ. ಯಾವುದು ತರಬೇಕೆಂದು ಭಟ್ಟರನ್ನೇ ಕೇಳಿ ತನ್ನಿ.

ಯಾದಿಯಲ್ಲಿ ಇರದ ಒಂದು ಸಾಮಾನು ಇದೆ: ಸಿಹಿ ನೀರು. 2019ರಲ್ಲಿ ಜಿಐ ಗುರುತು (ಆ ಸೀಮೆಯ ವಿಶೇಷ ಬೆಳೆ ಎನ್ನುವ ಅಧಿಕೃತ ಗುರುತು) ಪಡೆದ ಕಲಬುರಗಿ ತೊಗರಿಯ ಬೇಳೆಯನ್ನೇ ತಂದರೂ ಗಡಸು ಬೋರ್‌ವೆಲ್ ನೀರಿನಲ್ಲಿ ಅದು ಬೇಗ ಮೆತ್ತಗಾಗದು. ನೀರಿನ ಸುಣ್ಣದಂಶ ಕಾಳಿನ ಗೋಡೆಯನ್ನು ಗಟ್ಟಿಮಾಡುತ್ತದೆ. ಆಗ ಅವಸರದಲ್ಲಿ ಸೋಡಾ ಸುರಿಯುತ್ತಾರೆ. ಬೇಳೆ ಕರಗುತ್ತದೆ, ಸಾರಿನ ರುಚಿ ಹೋಗುತ್ತದೆ. ಅಡಿಗಿಗೆಂದೇ ಸಿಹಿ ನೀರಿನ ಟ್ಯಾಂಕರ್ ಹೇಳಿ. ಬೇಳೆ ಪೂರ್ತಿ ಬೇಯುವತನಕ ಹುಣಸೆಹುಳಿ, ಟೊಮೇಟೊ ಹಾಕಿಸಬೇಡಿ, ಹುಳಿ ಬಿದ್ದ ಮೇಲೂ ಬೇಳೆ ಬೇಯದು. ಒಡೆಯದ ಪ್ಯಾಕೆಟ್ ವಾಪಸ್ ತೆಗೆದುಕೊಳ್ಳುವಂತೆ ಕಿರಾಣಿ ಅಂಗಡಿಯವರ ಜೊತೆ ಮೊದಲೇ ಮಾತಾಡಿ, ಸಾಮಾನಿನ ಕೋಣೆಯ ಕೀಲಿ ಮನೆಯವರ ಕೈಯಲ್ಲಿ ಇರಲಿ.

ಪ್ರಶ್ನೆ: ಬ್ಯಾಸಗಿ ಮದುವಿ ಊಟ ಉಂಡು ಮಂದಿಗೆ ವಾಂತಿ, ಭೇದಿ ಆಗೋದು ಕೇಳ್ತೀವಿ. ಏನು ನೋಡಿಕೋಬೇಕು?
– ಓದುಗರು, ಶಹಾಪುರ

ಉತ್ತರ: ಏಪ್ರಿಲ್–ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಕಾವಿನಲ್ಲಿ ಸೂಕ್ಷ್ಮಾಣು ಬಲು ಬೇಗ ಬೆಳೆಯುತ್ತವೆ. ಬೆಳಗಿನ ನಾಲ್ಕಕ್ಕೆ ಬಸಿದು ಮುಚ್ಚಿಟ್ಟ ಅನ್ನವನ್ನು ಮಧ್ಯಾಹ್ನ ಎರಡಕ್ಕೆ ಬಡಿಸುವುದೇ ದೊಡ್ಡ ಅಪಾಯ. ಅನ್ನದಲ್ಲಿ ಉಳಿಯುವ ಒಂದು ಜಾತಿಯ ಸೂಕ್ಷ್ಮಾಣುವಿನ ಬೀಜಕಣ ಕುದಿಯುವುದಕ್ಕೂ ಸಾಯುವುದಿಲ್ಲ. ಅದು ಬೆಳೆದು ವಿಷ ಬಿಟ್ಟ ಮೇಲೆ ಮತ್ತೆ ಕಾಯಿಸಿದರೂ ಪ್ರಯೋಜನವಿಲ್ಲ. ಅನ್ನವನ್ನು ಎರಡು, ಮೂರು ಸಲಕ್ಕೆ ಮಾಡಿಸಿ. ಮೊದಲ ಹಂಡೆ 11ಕ್ಕೆ ಇಳಿಯಲಿ. ಸಾರು, ಪಲ್ಯ ಬಡಿಸುವತನಕ 60 ಡಿಗ್ರಿಗಿಂತ ಬಿಸಿ ಇರಬೇಕು. ಥರ್ಮಾಮೀಟರ್ ಇರದಿದ್ದರೆ ಹಬೆ ಏಳುತ್ತಿದೆಯೇ ನೋಡಿ.

ಬ್ಯಾಸಗಿಗೆ ಬಾಸುಂದಿ, ಖೋವಾ ಸಿಹಿ, ಹಸಿ ಕೊಬ್ಬರಿ ಚಟ್ನಿ ಬಿಡುವುದು ಒಳ್ಳೆಯದು. ಸಕ್ಕರೆ ಪಾಕದ ಬುಂದಿ, ಜಿಲೇಬಿ, ಒಣ ಶೇಂಗಾ ಹಿಂಡಿ ತಾಳಿಕೆ ಬರುತ್ತವೆ. ಫ್ಯಾಕ್ಟರಿಯ ಐಸ್‌ಗಡ್ಡೆ ಶರಬತ್ತಿನ ಕ್ಯಾನಿನ ಹೊರಗೆ ಇರಲಿ, ಶರಬತ್ತಿನೊಳಗೆ ಬೇಡ. ಕೈಗೆ ಗಾಯ, ಹುಣ್ಣು ಇದ್ದವರನ್ನು ಲಾಡು ಕಟ್ಟಲು ಕೂಡಿಸಬೇಡಿ. ಗಾಯದಿಂದ ಸಿಹಿಗೆ ಸೇರುವ ಸೋಂಕೂ ವಾಂತಿಗೆ ಕಾರಣ. ಕೈ ತೊಳೆಯಲು ಸೋಪು, ನೀರು ಅಡಿಗಿಮನೆಯಲ್ಲೇ ಇರಬೇಕು. ಇದನ್ನು ಕೇಟರಿಂಗ್‌ದವರಿಗೆ ಬಿಡದೆ ನೀವೇ ಇಡಿಸಿ.

ಪ್ರಶ್ನೆ: ಅಡ್ವಾನ್ಸ್ ಎಷ್ಟು ಕೊಡಬೇಕು?
– ಓದುಗರು, ಬೀದರ್

ಉತ್ತರ: ನಾಲ್ಕನೇ ಒಂದು ಪಾಲು ಸಾಕು, ರಸೀದಿ ತೆಗೆದುಕೊಳ್ಳಿ. ಅದೇ ಮುಹೂರ್ತಕ್ಕೆ ಅವರು ಇನ್ನೆಷ್ಟು ಮದುವೆ ಹಿಡಿದಿದ್ದಾರೆ, ನಿಮ್ಮಲ್ಲಿಗೆ ಬರುವ ಮುಖ್ಯ ಭಟ್ಟರು ಯಾರು ಎಂದು ಕೇಳಿ, ಆ ಹೆಸರನ್ನು ರಸೀದಿಯ ಹಿಂದೆ ಬರೆಸಿ. ಬಾಕಿಯಲ್ಲಿ ಒಂದಿಷ್ಟನ್ನು ಕೊನೆಯ ಪಂಕ್ತಿ ಎದ್ದು, ಪ್ಲೇಟಿನ ಲೆಕ್ಕ ಮುಗಿದ ಮೇಲೆಯೇ ಕೊಡಿ.