ಮೀಡಿಯಂ ಫಾರ್ಮ್ಯಾಟ್ ತಗೊಳ್ಳಲಾ, ಡಿಎಸ್‌ಎಲ್‌ಆರ್ ಸಾಕಾ?

ಪ್ರಶ್ನೆ: ಸರ್, ಆರು ವರ್ಷದಿಂದ ಫುಲ್ ಫ್ರೇಮ್ ಡಿಎಸ್‌ಎಲ್‌ಆರ್‌ನಲ್ಲಿ ಮದುವೆ, ಪೋರ್ಟ್ರೇಟ್, ಅಲ್ಪಸ್ವಲ್ಪ ಜಾಹೀರಾತು ಕೆಲಸ ಮಾಡುತ್ತಿದ್ದೇನೆ. ಗೆಳೆಯರೊಬ್ಬರು ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾ ತಗೊಂಡರು. ಅವರ ಫೋಟೋಗಳಲ್ಲಿ ಏನೋ ಒಂದು ಇದೆ ಅನಿಸುತ್ತದೆ. ಸಾಲ ಮಾಡಿಯಾದರೂ ನಾನೂ ತಗೊಳ್ಳಲಾ?

ಉತ್ತರ: ಸಾಲದ ಮಾತು ಆಮೇಲೆ. ಮೊದಲು ಆ 'ಏನೋ ಒಂದು' ಎಲ್ಲಿಂದ ಬರುತ್ತದೆ ನೋಡೋಣ.

ನಿಮ್ಮ ಕ್ಯಾಮೆರಾದ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಫಲಕ, 36×24 ಮಿ.ಮೀ. ಅದಕ್ಕಿಂತ ದೊಡ್ಡ ಸೆನ್ಸರ್ ಇರುವುದೇ ಮೀಡಿಯಂ ಫಾರ್ಮ್ಯಾಟ್. ಫ್ಯೂಜಿಫಿಲ್ಮ್ ಜಿಎಫ್‌ಎಕ್ಸ್, ಹ್ಯಾಸೆಲ್‌ಬ್ಲಾಡ್ ಎಕ್ಸ್ ಸಾಲಿನ ಕ್ಯಾಮೆರಾಗಳದ್ದು ಸುಮಾರು 44×33. ವಿಸ್ತೀರ್ಣದ ಲೆಕ್ಕದಲ್ಲಿ 1.7 ಪಟ್ಟು, ಅಷ್ಟೇ. ಫಿಲ್ಮ್ ಕಾಲದಲ್ಲಿ 6×7 ಸೆಂ.ಮೀ. ನೆಗೆಟಿವ್ 35 ಎಂಎಂ ಫಿಲ್ಮ್‌ಗಿಂತ ನಾಲ್ಕು ಪಟ್ಟಿಗೂ ದೊಡ್ಡದಿತ್ತು, ವ್ಯತ್ಯಾಸ ಬರಿಗಣ್ಣಿಗೇ ಹೊಡೆದು ಕಾಣುತ್ತಿತ್ತು. ಅಜ್ಜ ಗಳಿಸಿದ ಹೆಸರಲ್ಲಿ ಮೊಮ್ಮಗ ಓಡಾಡುತ್ತಿದ್ದಾನೆ ಅಂದುಕೊಳ್ಳಿ.

ಹಿನ್ನೆಲೆ ಬೆಣ್ಣೆಯಂತೆ ಮಸುಕಾಗುವುದು ಮೀಡಿಯಂ ಫಾರ್ಮ್ಯಾಟ್‌ನಲ್ಲಿ ಮಾತ್ರ ಅಂತ ತುಂಬಾ ಜನ ನಂಬಿದ್ದಾರೆ. ಜಿಎಫ್‌ಎಕ್ಸ್‌ನ 110 ಎಂಎಂ ಎಫ್/2 ಲೆನ್ಸ್ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಬಾಯಿ ಅಗಲ, ಮಸುಕು ಜಾಸ್ತಿ) ಫುಲ್ ಫ್ರೇಮ್ ಲೆಕ್ಕದಲ್ಲಿ ಹೆಚ್ಚುಕಡಿಮೆ 87 ಎಂಎಂ ಎಫ್/1.6 ಕೊಡುವಷ್ಟೇ ಮಸುಕು ಕೊಡುತ್ತದೆ. ನಿಮ್ಮ ಹತ್ತಿರ 85 ಎಂಎಂ ಎಫ್/1.4 ಇದ್ದರೆ ನೀವೇ ಒಂದು ಕೈ ಮುಂದಿದ್ದೀರಿ! ಸುಮ್ನೆ ಹೇಳುತ್ತಿಲ್ಲ, ಎರಡನ್ನೂ ಪಕ್ಕಪಕ್ಕ ಇಟ್ಟು ತೆಗೆದು ನೋಡಿ.

ಹಾಗಾದರೆ ಏನೂ ಲಾಭವಿಲ್ಲವಾ? ಇದೆ. ಅದೇ ಐಎಸ್‌ಒ, ಅದೇ ಅಪರ್ಚರ್ (ಲೆನ್ಸ್ ಬಾಯಿಯ ಅಗಲ), ಅದೇ ಶಟರ್ ಇಟ್ಟರೂ ದೊಡ್ಡ ಸೆನ್ಸರ್ ಒಟ್ಟಾರೆ ಜಾಸ್ತಿ ಬೆಳಕು ಹಿಡಿಯುತ್ತದೆ, ನಾಯ್ಸ್‌ನಲ್ಲಿ ಅಂದರೆ ಫೋಟೋದಲ್ಲಿ ಕಾಣುವ ಕಾಳುಕಾಳಿನಲ್ಲಿ, ಸುಮಾರು ಮುಕ್ಕಾಲು ಸ್ಟಾಪ್ ಅನುಕೂಲ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು). ಕಪ್ಪು ಬಟ್ಟೆಯ ಮಡಿಕೆಯನ್ನೋ ನೆರಳಿನ ಭಾಗವನ್ನೋ ಎಡಿಟಿಂಗ್‌ನಲ್ಲಿ ಎತ್ತಿದಾಗ ಇದು ಗೊತ್ತಾಗುತ್ತದೆ. 100 ಮೆಗಾಪಿಕ್ಸೆಲ್ ಇದ್ದರೆ ಒಂದೇ ಫೋಟೋದಿಂದ ನಿಲುವು, ಅಡ್ಡ, ಚೌಕ ಎಲ್ಲ ಕತ್ತರಿಸಿ ಕೊಡಬಹುದು, ಜಾಹೀರಾತಿನವರಿಗೆ ಅದು ತುಂಬಾ ಇಷ್ಟ. ಇನ್ನೊಂದು ಸಣ್ಣ ವಿಷಯ, ಯಾರೂ ಹೇಳುವುದಿಲ್ಲ: ಈ ಸೆನ್ಸರ್‌ಗಳ ಆಕಾರ 4:3. ಮ್ಯಾಗಜಿನ್ ಪುಟಕ್ಕೆ ಅದು ಹತ್ತಿರ. ನಿಮ್ಮ 3:2 ಫೋಟೋವನ್ನು ಅದೇ ಆಕಾರಕ್ಕೆ ತರಬೇಕೆಂದರೆ ಒಂಬತ್ತರಲ್ಲಿ ಒಂದು ಪಾಲು ಕತ್ತರಿಸಿ ಬಿಸಾಡಬೇಕು.

ಆದರೆ ಮದುವೆ? ಅಲ್ಲಿ ಜನ ನಿಲ್ಲುವುದಿಲ್ಲ, ಬೆಳಕೂ ನಿಲ್ಲುವುದಿಲ್ಲ. ನಾನೊಮ್ಮೆ 100 ಮೆಗಾಪಿಕ್ಸೆಲ್‌ನದೊಂದನ್ನು ಬಾಡಿಗೆಗೆ ತಂದು, ಹಳೇ ಅಭ್ಯಾಸದಲ್ಲಿ ಕೈಯಲ್ಲೇ ಹಿಡಿದು 1/60ರಲ್ಲಿ ತೆಗೆಯುತ್ತಾ ಹೋದೆ. ಕ್ಯಾಮೆರಾ ಹಿಂದಿನ ಸ್ಕ್ರೀನ್‌ನಲ್ಲಿ ಎಲ್ಲವೂ ಚೆನ್ನಾಗೇ ಕಂಡಿತ್ತು, ಮನೆಗೆ ಬಂದು ಕಂಪ್ಯೂಟರ್‌ನಲ್ಲಿ ದೊಡ್ಡದು ಮಾಡಿದರೆ ಅರ್ಧಕ್ಕರ್ಧ ಅಲುಗಿತ್ತು. ತಪ್ಪು ನನ್ನದೇ. ಅಷ್ಟು ವಿವರ ಹಿಡಿಯುವ ಸೆನ್ಸರ್ ಕೈನಡುಕವನ್ನೂ ಅಷ್ಟೇ ವಿವರವಾಗಿ ಹಿಡಿಯುತ್ತದೆ.

ನಿಮ್ಮ ದುಡಿಮೆಯಲ್ಲಿ ಮದುವೆಯೇ ಮುಕ್ಕಾಲು ಪಾಲಾಗಿದ್ದರೆ ಬೇಡ. ಜಾಹೀರಾತು ಕೆಲಸ ಬಂದ ದಿನ ಬಾಡಿಗೆಗೆ ತನ್ನಿ, ಬಾಡಿಗೆಯನ್ನು ಬಿಲ್‌ನಲ್ಲಿ ಸೇರಿಸಿ. ಬಾಡಿಗೆ ಬಿಲ್ ತಿಂಗಳು ತಿಂಗಳೂ ಬರತೊಡಗಿದಾಗ ಖರೀದಿ ಮಾತಾಡೋಣ. ಮತ್ತೆ, ನಿಮ್ಮ ಗೆಳೆಯರ ಫೋಟೋದಲ್ಲಿ ಲೈಟಿಂಗ್ ಹೇಗಿದೆ ಅಂತ ಒಂದು ಸಲ ಕಣ್ಣಿಟ್ಟು ನೋಡಿ. ದುಬಾರಿ ಕ್ಯಾಮೆರಾ ತಗೊಂಡವರು ಲೈಟಿಗೂ ಜಾಸ್ತಿ ಸಮಯ ಕೊಡತೊಡಗುತ್ತಾರೆ, ಆ 'ಏನೋ ಒಂದು' ಅದೇ ಇರಬಹುದು.

ಪ್ರಶ್ನೆ: ಸುಡು ಬಿಸಿಲಲ್ಲಿ ಫ್ಲ್ಯಾಶ್ ಹಾಕಿ ತೆಗೆಯುವವರಿಗೆ ಮೀಡಿಯಂ ಫಾರ್ಮ್ಯಾಟೇ ಸರಿ ಅನ್ನುತ್ತಾರೆ. ನಿಜವಾ?

ಉತ್ತರ: ಅರ್ಧ ನಿಜ. ಹ್ಯಾಸೆಲ್‌ಬ್ಲಾಡ್ ಎಕ್ಸ್ ಲೆನ್ಸ್‌ಗಳ ಒಳಗೇ ಲೀಫ್ ಶಟರ್ (ಲೆನ್ಸ್‌ನಲ್ಲೇ ತೆರೆದು ಮುಚ್ಚುವ ಶಟರ್) ಇರುತ್ತದೆ, ಬಹಳಷ್ಟರಲ್ಲಿ 1/2000 ಸೆಕೆಂಡಿನವರೆಗೂ ಫ್ಲ್ಯಾಶ್ ಸಿಂಕ್ ಆಗುತ್ತದೆ, ಅಂದರೆ ಶಟರ್ ಜತೆ ಹೊಂದಿಕೊಂಡು ಇಡೀ ಚಿತ್ರಕ್ಕೆ ಬೆಳಕು ಕೊಡುತ್ತದೆ. ವೃತ್ತಿಪರ ಡಿಎಸ್‌ಎಲ್‌ಆರ್‌ಗಳು ಸಾಮಾನ್ಯವಾಗಿ 1/200 ಅಥವಾ 1/250ಕ್ಕೆ ನಿಲ್ಲುತ್ತವೆ. ಐಎಸ್‌ಒ 100ರಲ್ಲಿ, ನೆತ್ತಿ ಮೇಲಿನ ಬಿಸಿಲಿಗೆ 1/250 ಇಟ್ಟರೆ ಎಫ್/11ರ ಸುತ್ತಮುತ್ತ ಬೇಕು. 1/2000 ಇಟ್ಟರೆ ಎಫ್/4 ಸಾಕು. ಹಿನ್ನೆಲೆ ಮಸುಕಾಗುತ್ತದೆ, ಫ್ಲ್ಯಾಶ್ ಕೂಡ ಎಂಟರಲ್ಲಿ ಒಂದು ಪಾಲು ಶಕ್ತಿಯಲ್ಲಿ ಕೆಲಸ ಮುಗಿಸುತ್ತದೆ. ಆದರೆ ದೊಡ್ಡ ಫ್ಲ್ಯಾಶ್‌ಗಳ ಮಿಂಚೇ ಕೆಲವು ಸಲ 1/2000 ಸೆಕೆಂಡಿಗಿಂತ ಉದ್ದ ಇರುತ್ತದೆ, ಆಗ ಸ್ವಲ್ಪ ಬೆಳಕು ಪೋಲಾಗುತ್ತದೆ.

ಉಳಿದರ್ಧ: ಜಿಎಫ್‌ಎಕ್ಸ್ 100, 100ಎಸ್ ಕ್ಯಾಮೆರಾಗಳಲ್ಲಿ ಶಟರ್ ಇರುವುದು ಬಾಡಿಯಲ್ಲಿ, ಸಿಂಕ್ 1/125 ಮಾತ್ರ. ನಿಮ್ಮ ಡಿಎಸ್‌ಎಲ್‌ಆರ್‌ಗಿಂತ ಕಡಿಮೆ! ಮೀಡಿಯಂ ಫಾರ್ಮ್ಯಾಟ್ ಅನ್ನುವ ಹೆಸರು ನೋಡಿ ಕೊಳ್ಳಬೇಡಿ, ಶಟರ್ ಎಲ್ಲಿದೆ ಅಂತ ಕೇಳಿ. ಡಿಎಸ್‌ಎಲ್‌ಆರ್ ಇರುವವರು ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಗಾಢ ಗಾಜು) ಹಾಕಿ ಅಪರ್ಚರ್ ತೆರೆಯಬಹುದು, ಆದರೆ ಫ್ಲ್ಯಾಶ್ ಮಾತ್ರ ಪೂರ್ತಿ ಬೆವರು ಸುರಿಸಬೇಕಾಗುತ್ತದೆ.

ಪ್ರಶ್ನೆ: ಎಲ್ಲರೂ ಮಿರರ್‌ಲೆಸ್ (ಡಿಎಸ್‌ಎಲ್‌ಆರ್‌ನಂತೆ ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ಕಡೆ ಹೋಗಿದ್ದಾರೆ. ನನ್ನ ನಿಕಾನ್ ಡಿ850 ಮಾರಿಬಿಡಲಾ?

ಉತ್ತರ: ಯಾಕೆ, ಏನಾಗಿದೆ ಅದಕ್ಕೆ? ಕ್ಯಾನನ್ 1ಡಿ ಎಕ್ಸ್ ಮಾರ್ಕ್ 3, ನಿಕಾನ್ ಡಿ6 ಎರಡೂ ಬಂದಿದ್ದು 2020ರಲ್ಲಿ, ಅದಾದ ಮೇಲೆ ಆ ದರ್ಜೆಯಲ್ಲಿ ಇಬ್ಬರೂ ಹೊರತಂದದ್ದು ಮಿರರ್‌ಲೆಸ್ಸೇ, ಅದು ನಿಜ. ಆದರೆ 2017ರ ನಿಮ್ಮ ಡಿ850ಯಲ್ಲಿ 45.7 ಮೆಗಾಪಿಕ್ಸೆಲ್ ಇದೆ. 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) 27×18 ಇಂಚಿನ ಪ್ರಿಂಟ್ ಬರುತ್ತದೆ. ಮ್ಯಾಗಜಿನ್‌ನ ಎರಡು ಪುಟ ತುಂಬುವ ಎ3 ಚಿತ್ರಕ್ಕೆ 17 ಮೆಗಾಪಿಕ್ಸೆಲ್ ಸಾಕು. ಇಟ್ಟುಕೊಳ್ಳಿ. ನಿಮ್ಮ ಡಿ850ಗೆ ಕೂರುವ ಹಳೇ ಎಫ್-ಮೌಂಟ್ ಲೆನ್ಸ್‌ಗಳನ್ನು ಜನ ಮಾರುತ್ತಿದ್ದಾರೆ, ಒಳ್ಳೆಯದು ಸಿಕ್ಕರೆ ಫಂಗಸ್ ಇಲ್ಲ ಅಂತ ಟಾರ್ಚ್ ಬಿಟ್ಟು ನೋಡಿ ತಗೊಳ್ಳಿ.